ಪಂಪುಸೆಟ್ಟಿನ ಮೇಲಿನ ನಕ್ಷತ್ರ ಗುರುತು: ಅರಿತು ಕೊಳ್ಳಿ, ಅಳೆದು ಬಳಸಿ

ವಿದ್ಯುಚ್ಛಕ್ತಿಗೂ ಮಂಡ್ಯ ಜಿಲ್ಲೆಗೂ ಇರುವ ನಂಟು ಬಹಳ ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ಉತ್ಪಾದಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದ್ದು 1902ರಲ್ಲಿ. ಅದೇ ವಿದ್ಯುತ್ತು ಇಂದು ನಮ್ಮ ಹೊಲದ ಕೊಳವೆ ಬಾವಿಯವರೆಗೆ ಬಂದಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಕಡೆಗಳಲ್ಲಿಯೂ, ನಾಲೆಯ ನೀರು ಸರಿಯಾಗಿ ತಲುಪದ ಮದ್ದೂರು, ಮಳವಳ್ಳಿಯ ಕೊನೆಯ ಭಾಗಗಳಲ್ಲಿಯೂ ಕಬ್ಬು, ತೆಂಗು, ಹಿಪ್ಪುನೇರಳೆ ಬೆಳೆಯುವ ರೈತರು ಪಂಪುಸೆಟ್ಟನ್ನೇ ನಂಬಿದ್ದಾರೆ.

ಆದರೆ ನಾವು ಕೊಳ್ಳುವ ಪಂಪುಸೆಟ್ಟು ತಾನು ತಿನ್ನುವ ವಿದ್ಯುತ್ತಿಗೆ ತಕ್ಕಷ್ಟು ನೀರನ್ನು ಕೊಡುತ್ತಿದೆಯೇ? ಒಂದು ಎಮ್ಮೆ ಎಷ್ಟು ಮೇವು ತಿಂದು ಎಷ್ಟು ಹಾಲು ಕೊಡುತ್ತದೆಂಬುದು ನಮಗೆ ಬಾಯಿಪಾಠ. ಮೋಟಾರಿನ ವಿಷಯದಲ್ಲಿ ಮಾತ್ರ "ಎಷ್ಟು ಅಶ್ವಶಕ್ತಿ?" ಎಂಬುದೊಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ. ಈ ಲೇಖನದಲ್ಲಿ ಇನ್ನೂ ಮೂರು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಹೇಗೆ, ಪಂಪಿನ ಮೇಲೆ ಅಂಟಿಸಿರುವ ನಕ್ಷತ್ರ ಗುರುತನ್ನು ಓದುವುದು ಹೇಗೆ ಎಂಬುದನ್ನು ವಿವರಿಸಲಾಗಿದೆ.

ಮದ್ದೂರು, ಮಳವಳ್ಳಿಯಲ್ಲಿ ನಡೆದ ಪ್ರಯೋಗ

ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ (2012-17) ಮಂಡ್ಯ ಜಿಲ್ಲೆಯ ಮದ್ದೂರು ಮತ್ತು ಮಳವಳ್ಳಿ ಭಾಗದಲ್ಲಿ 1,337 ಹಳೆಯ ಪಂಪುಸೆಟ್ಟುಗಳನ್ನು ತೆಗೆದು, ಅವುಗಳ ಜಾಗದಲ್ಲಿ ನಕ್ಷತ್ರ ಗುರುತಿನ ಹೊಸ ಪಂಪುಸೆಟ್ಟುಗಳನ್ನು ಅಳವಡಿಸಲಾಯಿತು. ಕೇಂದ್ರ ಸರಕಾರದ ಇಂಧನ ದಕ್ಷತಾ ಬ್ಯೂರೋ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಹಾಗೂ ಎನರ್ಜಿ ಎಫಿಶಿಯೆನ್ಸಿ ಸರ್ವಿಸಸ್ ಲಿಮಿಟೆಡ್ ಎಂಬ ಸರಕಾರಿ ಕಂಪನಿ ಸೇರಿ ನಡೆಸಿದ ಪ್ರಯೋಗವಿದು. ಇದಕ್ಕೂ ಮೊದಲು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ, ಬಸವಣ್ಣನವರ ಹೆಸರಿನೊಂದಿಗೆ ನಮಗೆಲ್ಲ ಪರಿಚಿತವಾದ ಮಂಗಳವೇಢೆಯ ಸುತ್ತಮುತ್ತ ಇಂತಹುದೇ ಕೆಲಸ ನಡೆದಿತ್ತು.

ಈ ಪ್ರಯೋಗದ ಲೆಕ್ಕಾಚಾರ ಸರಳವಾದುದು. ಪಂಪು ಬದಲಿಸುವ ಹಣವನ್ನು ರೈತನಿಂದ ಕೇಳುವುದಿಲ್ಲ. ಹೊಸ ಪಂಪಿನಿಂದ ಉಳಿಯುವ ವಿದ್ಯುತ್ತಿನ ಬೆಲೆಯಿಂದಲೇ ಹಾಕಿದ ಬಂಡವಾಳ ವಾಪಸಾಗಬೇಕು. ಆದ್ದರಿಂದ ಹಳೆಯ ಪಂಪು ಎಷ್ಟು ವಿದ್ಯುತ್ತು ತಿನ್ನುತ್ತಿತ್ತು, ಎಷ್ಟು ನೀರೆತ್ತುತ್ತಿತ್ತು ಎಂಬುದನ್ನು ಮೊದಲೇ ಅಳೆಯಬೇಕು; ಹೊಸ ಪಂಪನ್ನು ಇಳಿಸಿದ ಮೇಲೆ ಮತ್ತೆ ಅಳೆಯಬೇಕು. ಮಂಡ್ಯದಲ್ಲಿ ಹೀಗೆ ಅಳೆದಾಗ ಉಳಿತಾಯ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಂಡುಬಂದಿತು. ಅಂದರೆ, ಮೂರು ಯೂನಿಟ್ಟು ಬೇಕಾಗಿದ್ದ ಕೆಲಸಕ್ಕೆ ಎರಡು ಯೂನಿಟ್ಟು ಸಾಕಾಯಿತು.

"ವಿದ್ಯುತ್ತು ಪುಕ್ಕಟೆಯಲ್ಲವೇ, ನಮಗೇನು?"

ಇದು ನ್ಯಾಯವಾದ ಪ್ರಶ್ನೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಸೆಟ್ಟುಗಳ ಬಿಲ್ಲನ್ನು ಸರಕಾರವೇ ತುಂಬುತ್ತದೆ. "ಪುಕ್ಕಟೆ ಸಿಕ್ಕಿದರೆ ನನಗೊಂದು, ನಮ್ಮಪ್ಪನಿಗೊಂದು" ಎಂಬ ಗಾದೆಯೂ ಇದೆ. ಹೀಗಿರುವಾಗ ಉಳಿತಾಯವೆಲ್ಲ ವಿದ್ಯುತ್ ಕಂಪನಿಗೆ, ತಾಪತ್ರಯ ಮಾತ್ರ ನಮಗೆ ಎಂದು ರೈತರು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಬಿಲ್ಲು ಬಾರದಿದ್ದರೂ ನಷ್ಟ ಬರುತ್ತದೆ. ಅದು ಬರುವ ದಾರಿ ಮಾತ್ರ ಬೇರೆ.

ಮೊದಲನೆಯದಾಗಿ, ಟಿ.ಸಿ. ವಿಷಯ ನೋಡಿ. 25 ಕೆ.ವಿ.ಎ. ಸಾಮರ್ಥ್ಯದ ಒಂದು ಟಿ.ಸಿ.ಯ ಮೇಲೆ ಐದು ಪಂಪುಗಳಿವೆ ಎಂದು ಇಟ್ಟುಕೊಳ್ಳೋಣ. ಒಂದೊಂದೂ 6 ಕಿಲೋವ್ಯಾಟು ಎಳೆದರೆ ಒಟ್ಟು 30 ಕಿಲೋವ್ಯಾಟು. ಪವರ್ ಫ್ಯಾಕ್ಟರು 0.8 ಎಂದು ಹಿಡಿದರೆ ಟಿ.ಸಿ.ಯ ಮೇಲೆ ಬೀಳುವ ಹೊರೆ 37.5 ಕೆ.ವಿ.ಎ. ಅದು ಹೊರಲಾರದ ಭಾರ. ಅದೇ ಐದು ಪಂಪುಗಳು ಅಷ್ಟೇ ನೀರನ್ನು 4 ಕಿಲೋವ್ಯಾಟಿನಲ್ಲಿ ಎತ್ತಿದರೆ ಒಟ್ಟು 20 ಕಿಲೋವ್ಯಾಟು, ಹೊರೆ ಸರಿಯಾಗಿ 25 ಕೆ.ವಿ.ಎ. ಕಬ್ಬಿಗೆ ನೀರು ಬೇಕಾದ ಬೇಸಿಗೆಯಲ್ಲಿ ಟಿ.ಸಿ. ಸುಟ್ಟು, ಬದಲಿ ಬರುವವರೆಗೆ ಕಾದು ಕುಳಿತ ರೈತನಿಗೆ ಈ ಎರಡು ಅಂಕಿಗಳ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಿದ ಬೆಳೆಯೇ ಅವನು ಕಟ್ಟಿದ ಬಿಲ್ಲು.

ಎರಡನೆಯದಾಗಿ, ಹೊರೆ ಹೆಚ್ಚಿದಂತೆ ಲೈನಿನ ವೋಲ್ಟೇಜು ಕುಸಿಯುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಅದೇ ನೀರೆತ್ತಲು ಮೋಟಾರು ಹೆಚ್ಚು ಆಂಪಿಯರು ಎಳೆದು ಬಿಸಿಯಾಗುತ್ತದೆ, ಕಡೆಗೆ ಸುಡುತ್ತದೆ. ಬೋರಿನಿಂದ ಪಂಪು ಎತ್ತಿಸುವ ಕೂಲಿ, ರೀವೈಂಡಿಂಗ್ ಖರ್ಚು, ಮತ್ತೆ ಇಳಿಸುವ ಕೂಲಿ ಇವೆಲ್ಲ ರೈತನ ಜೇಬಿನಿಂದಲೇ ಹೋಗುತ್ತವೆ. ಅಲ್ಲದೆ, ಸುಟ್ಟ ತಂತಿಯನ್ನು ತೆಗೆಯಲು ಮೋಟಾರನ್ನು ಬೆಂಕಿಯಲ್ಲಿ ಕಾಯಿಸಿದರೆ ಒಳಗಿನ ಕಬ್ಬಿಣದ ತಗಡುಗಳ ನಡುವಣ ಲೇಪ ಹಾಳಾಗುತ್ತದೆ. ತೆಳ್ಳನೆಯ ತಂತಿ ಸುತ್ತಿದರಂತೂ ನಷ್ಟ ಇನ್ನೂ ಹೆಚ್ಚು. ಹೀಗೆ ಪದೇ ಪದೇ ರೀವೈಂಡಿಂಗ್ ಆದ ಮೋಟಾರು ಮೊದಲಿನ ಮೋಟಾರಾಗಿ ಉಳಿಯುವುದಿಲ್ಲ.

ಮೂರನೆಯದಾಗಿ, ಮೂರು ಫೇಸ್ ವಿದ್ಯುತ್ತು ಸಿಗುವುದೇ ದಿನದಲ್ಲಿ ಕೆಲವು ಗಂಟೆ. ಆ ಗಂಟೆಗಳನ್ನು ನಾವು ಹೆಚ್ಚಿಸಿಕೊಳ್ಳಲಾರೆವು. ಪ್ರತಿ ಗಂಟೆಗೆ ಸಿಗುವ ನೀರನ್ನು ಮಾತ್ರ ಸರಿಪಡಿಸಿಕೊಳ್ಳಬಹುದು.

ನಕ್ಷತ್ರ ಗುರುತು ಎಂದರೇನು?

ಯಂತ್ರದ ಮೇಲೆ ನಕ್ಷತ್ರ ಹಾಕಿ ಅದರ ವಿದ್ಯುತ್ ಮಿತವ್ಯಯವನ್ನು ಸಾರುವ ಪದ್ಧತಿ ಹೆಸರಾದದ್ದು ಕಂಪ್ಯೂಟರಿನಿಂದ ಎಂದರೆ ನಿಮಗೆ ಸೋಜಿಗವೆನಿಸಬಹುದು. 1992ರಲ್ಲಿ ಅಮೆರಿಕ ಸರಕಾರದ ಪರಿಸರ ಸಂರಕ್ಷಣಾ ಸಂಸ್ಥೆಯು "ಎನರ್ಜಿ ಸ್ಟಾರ್" ಎಂಬ ಗುರುತನ್ನು ಜಾರಿಗೆ ತಂದಾಗ ಅದನ್ನು ಮೊದಲು ಕೊಟ್ಟದ್ದು ಕಂಪ್ಯೂಟರು ಮತ್ತು ಅದರ ಪರದೆಗಳಿಗೆ. ಯಾರೂ ಬಳಸದೆ ಸುಮ್ಮನೆ ಉರಿಯುತ್ತಿರುವ ಯಂತ್ರ ತಾನಾಗಿ ನಿದ್ರೆಗೆ ಜಾರಬೇಕು ಎಂಬುದು ಅಲ್ಲಿನ ನಿಯಮ. ನಮ್ಮ ದೇಶದಲ್ಲಿ 2001ರ ಇಂಧನ ಸಂರಕ್ಷಣಾ ಕಾಯ್ದೆಯ ಮೇರೆಗೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪನೆಯಾಗಿ, 2006ರಲ್ಲಿ ನಕ್ಷತ್ರ ಗುರುತಿನ ಯೋಜನೆ ಆರಂಭವಾಯಿತು. ಫ್ರಿಜ್ಜು, ಟಿ.ವಿ., ಲ್ಯಾಪ್‌ಟಾಪುಗಳ ಸಾಲಿನಲ್ಲಿ ರೈತನ ಪಂಪುಸೆಟ್ಟಿಗೂ ಇಲ್ಲಿ ಸ್ಥಾನ ದೊರೆತಿದೆ.

ಪಂಪಿನ ನಕ್ಷತ್ರವನ್ನು ತಿಳಿಯಲು ಮೊದಲು "ಒಟ್ಟು ದಕ್ಷತೆ" ಎಂಬ ಮಾತನ್ನು ಅರಿಯಬೇಕು. ಪಂಪುಸೆಟ್ಟು ಒಳಗೆ ತೆಗೆದುಕೊಂಡ ವಿದ್ಯುತ್ತಿನಲ್ಲಿ ನೂರಕ್ಕೆ ಎಷ್ಟು ಪಾಲು ನಿಜವಾಗಿ ನೀರನ್ನು ಮೇಲೆತ್ತಲು ಉಪಯೋಗವಾಯಿತು ಎಂಬುದೇ ಒಟ್ಟು ದಕ್ಷತೆ. ಉಳಿದದ್ದು ಮೋಟಾರಿನ ಬಿಸಿಯಾಗಿಯೂ ತಿಕ್ಕಾಟವಾಗಿಯೂ ಹಾಳಾಗುತ್ತದೆ.

ಭಾರತೀಯ ಮಾನಕ ಸಂಸ್ಥೆಯು ಪ್ರತಿಯೊಂದು ಬಗೆಯ ಪಂಪಿಗೂ ಇರಲೇಬೇಕಾದ ಕನಿಷ್ಠ ದಕ್ಷತೆಯನ್ನು ಗೊತ್ತುಪಡಿಸಿದೆ. ಕೊಳವೆ ಬಾವಿಯ ಸಬ್‌ಮರ್ಸಿಬಲ್ ಪಂಪಿಗೆ ಐ.ಎಸ್. 8034, ನೆಲದ ಮೇಲೆ ಕೂರಿಸುವ ಮಾನೋಬ್ಲಾಕ್ ಪಂಪಿಗೆ ಐ.ಎಸ್. 9079, ತೆರೆದ ಬಾವಿಯಲ್ಲಿ ಮುಳುಗಿಸುವ ಪಂಪಿಗೆ ಐ.ಎಸ್. 14220 ಎಂಬ ಮಾನಕಗಳಿವೆ. ನಕ್ಷತ್ರದ ಮೆಟ್ಟಿಲುಗಳನ್ನು ಈ ಕನಿಷ್ಠದ ಮೇಲೆ ಕಟ್ಟಲಾಯಿತು. ಕನಿಷ್ಠದಷ್ಟಿದ್ದರೆ ಒಂದು ನಕ್ಷತ್ರ, ಕನಿಷ್ಠಕ್ಕಿಂತ ಶೇಕಡಾ 5ರಷ್ಟು ಮೇಲಿದ್ದರೆ ಎರಡು, 10ರಷ್ಟಾದರೆ ಮೂರು, 15ರಷ್ಟಾದರೆ ನಾಲ್ಕು, 20ರಷ್ಟು ಅಥವಾ ಅದಕ್ಕೂ ಮೇಲಾದರೆ ಐದು. ಉದಾಹರಣೆಗೆ, ಒಂದು ಪಂಪಿಗೆ ಕನಿಷ್ಠ ದಕ್ಷತೆ ಶೇಕಡಾ 40 ಎಂದಿದ್ದರೆ ಐದು ನಕ್ಷತ್ರದ ಪಂಪು ಶೇಕಡಾ 48 ಆದರೂ ಕೊಡಬೇಕು.

ಇಲ್ಲಿ ಒಂದು ಎಚ್ಚರಿಕೆ. ಐದು ನಕ್ಷತ್ರವೆಂದರೆ ಹೆಚ್ಚು ನೀರು ಎಂದಲ್ಲ, ಹೆಚ್ಚು ಬಾಳಿಕೆ ಎಂದೂ ಅಲ್ಲ. ಗೊತ್ತುಪಡಿಸಿದ ಎತ್ತರಕ್ಕೆ, ಗೊತ್ತುಪಡಿಸಿದಷ್ಟು ನೀರನ್ನು ಕಡಿಮೆ ವಿದ್ಯುತ್ತಿನಲ್ಲಿ ಎತ್ತುತ್ತದೆ ಎಂಬುದಷ್ಟೇ ಅದರ ಮಾತು. ಆ ಎತ್ತರ ತಪ್ಪಿದರೆ ನಕ್ಷತ್ರದ ಮಾತೂ ತಪ್ಪುತ್ತದೆ.

ಬಾವಿಗೆ ತಕ್ಕ ಪಂಪು

ಮಂಡ್ಯ ಜಿಲ್ಲೆಯ ಎಲ್ಲ ಬಾವಿಗಳೂ ಒಂದೇ ರೀತಿ ಇಲ್ಲ. ನಾಲೆಯ ಆಸುಪಾಸಿನಲ್ಲಿ ನೀರು ಮೇಲಿರುತ್ತದೆ. ಅಲ್ಲಿ ಮಾನೋಬ್ಲಾಕ್ ಅಥವಾ ತೆರೆದ ಬಾವಿಯ ಪಂಪು ಸಾಕು. ಖುಷ್ಕಿ ಭಾಗಗಳಲ್ಲಿ ಕೊಳವೆ ಬಾವಿ ಆಳವಾಗಿರುತ್ತದೆ. ಅಲ್ಲಿ ಹೆಚ್ಚು ಸ್ಟೇಜುಗಳಿರುವ ಸಬ್‌ಮರ್ಸಿಬಲ್ ಪಂಪು ಬೇಕು. ನೆಂಟರ ಊರಿನಲ್ಲಿ ಚೆನ್ನಾಗಿ ನೀರೆತ್ತಿದ ಪಂಪು ನಿಮ್ಮ ಬೋರಿನಲ್ಲಿಯೂ ಹಾಗೆಯೇ ಎತ್ತುತ್ತದೆಂದು ತಿಳಿಯಬೇಡಿ.

ಸುಮಾರು 100 ಮೀಟರು ಎತ್ತರಕ್ಕೆಂದು ತಯಾರಾದ ಪಂಪನ್ನು 40 ಮೀಟರಿನಲ್ಲಿಯೇ ನೀರಿರುವ ಬೋರಿಗೆ ಇಳಿಸಿದರೆ ಅದು ಅಳತೆ ಮೀರಿ ನೀರು ತಳ್ಳಲು ಹೋಗಿ ಹೆಚ್ಚು ಆಂಪಿಯರು ಎಳೆಯುತ್ತದೆ, ಮೋಟಾರು ಸುಡುತ್ತದೆ. 40 ಮೀಟರಿನ ಪಂಪನ್ನು ಆಳದ ಬೋರಿಗೆ ಇಳಿಸಿದರೆ ವಿದ್ಯುತ್ತು ಹೋಗುತ್ತದೆ, ನೀರು ಮಾತ್ರ ಬಾಯಿಗೆ ಬರುವುದಿಲ್ಲ. "ಇರಲಿ, ಮುಂದೆ ನೀರು ಇನ್ನೂ ಕೆಳಗಿಳಿದರೆ ಬೇಕಾಗುತ್ತದೆ" ಎಂದು ಈಗಲೇ ದೊಡ್ಡ ಅಶ್ವಶಕ್ತಿಯ ಪಂಪು ಇಳಿಸುವುದು ಸರ್ವೇಸಾಧಾರಣವಾಗಿದೆ. ಅಂತಹ ಪಂಪು ಐದು ನಕ್ಷತ್ರದ್ದೇ ಆಗಿದ್ದರೂ ಪ್ರಯೋಜನವಿಲ್ಲ.

ನಿಮ್ಮ ಪಂಪನ್ನು ನೀವೇ ಪರೀಕ್ಷಿಸಿ

ಈ ಪರೀಕ್ಷೆಗೆ ಮೂರು ಅಳತೆಗಳು ಬೇಕು.

1. ನೀರಿನ ಪ್ರಮಾಣ: 200 ಲೀಟರಿನ ಡ್ರಮ್ಮನ್ನು ಪಂಪಿನ ಬಾಯಿಗೆ ಇಟ್ಟು, ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿ. 67 ಸೆಕೆಂಡು ಹಿಡಿದರೆ ಸೆಕೆಂಡಿಗೆ ಸುಮಾರು 3 ಲೀಟರು ಎಂದಾಯಿತು. ಪಂಪು ಅರ್ಧ ಗಂಟೆಯಾದರೂ ಓಡಿದ ಮೇಲೆ ಅಳೆಯಿರಿ. ಶುರುವಿನಲ್ಲಿ ಬರುವ ನೀರನ್ನು ನಂಬಬೇಡಿ.

2. ಎತ್ತರ: ಪಂಪು ಓಡುತ್ತಿರುವಾಗ ಬೋರಿನಲ್ಲಿ ನೀರು ನೆಲದಿಂದ ಎಷ್ಟು ಕೆಳಗಿದೆಯೋ ಆ ಆಳಕ್ಕೆ, ನೆಲದಿಂದ ನೀರು ಬೀಳುವ ಜಾಗದ ಎತ್ತರವನ್ನು ಸೇರಿಸಿ. ಪೈಪು ಉದ್ದವಾಗಿದ್ದರೆ ತಿಕ್ಕಾಟಕ್ಕೆಂದು ಇನ್ನೂ ಕೆಲವು ಮೀಟರು ಸೇರಿಸಬೇಕು. ಒಟ್ಟು 60 ಮೀಟರು, ಅಂದರೆ ಸುಮಾರು 200 ಅಡಿ ಎಂದು ಇಟ್ಟುಕೊಳ್ಳೋಣ.

3. ವಿದ್ಯುತ್ತು: ಮೀಟರು ಇದ್ದರೆ ಸರಿಯಾಗಿ ಒಂದು ಗಂಟೆ ಪಂಪು ಓಡಿಸಿ, ಎಷ್ಟು ಯೂನಿಟ್ಟು ಏರಿತೆಂದು ನೋಡಿ. ಏರಿದ ಯೂನಿಟ್ಟೇ ಕಿಲೋವ್ಯಾಟು. ಮೀಟರು ಇಲ್ಲದಿದ್ದರೆ ತಿಳಿದ ಎಲೆಕ್ಟ್ರೀಷಿಯನ್ನರಿಂದ ಟಾಂಗ್ ಟೆಸ್ಟರಿನಲ್ಲಿ ಆಂಪಿಯರನ್ನೂ, ವೋಲ್ಟೇಜನ್ನೂ ನೋಡಿಸಿ. 400 ವೋಲ್ಟಿನಲ್ಲಿ 11 ಆಂಪಿಯರು ಎಳೆದರೆ, 1.732 × 400 × 11 × 0.8 ಗುಣಿಸಿದಾಗ ಸುಮಾರು 6,100 ವ್ಯಾಟು, ಅಂದರೆ 6 ಕಿಲೋವ್ಯಾಟಿನಷ್ಟು. ಕೊನೆಯ 0.8 ಎಂಬುದು ಪವರ್ ಫ್ಯಾಕ್ಟರಿಗೆ ಹಿಡಿದ ಅಂದಾಜು.

ಈಗ ಲೆಕ್ಕ ಹಾಕಿ. ಸೆಕೆಂಡಿನ ಲೀಟರನ್ನು ಎತ್ತರದ ಮೀಟರಿನಿಂದ ಗುಣಿಸಿ 102ರಿಂದ ಭಾಗಿಸಿದರೆ ನೀರನ್ನೆತ್ತಲು ನಿಜವಾಗಿ ಬೇಕಾದ ಕಿಲೋವ್ಯಾಟು ಸಿಗುತ್ತದೆ. 3 × 60 = 180; ಅದನ್ನು 102ರಿಂದ ಭಾಗಿಸಿದರೆ 1.76. ಪಂಪು ತಿಂದದ್ದು 6 ಕಿಲೋವ್ಯಾಟು. ಒಟ್ಟು ದಕ್ಷತೆ ನೂರಕ್ಕೆ 29 ಮಾತ್ರ! ಇದೇ ಕೆಲಸವನ್ನು 4 ಕಿಲೋವ್ಯಾಟಿನಲ್ಲಿ ಮಾಡುವ ಪಂಪಿನ ದಕ್ಷತೆ ನೂರಕ್ಕೆ 44. ದಿನಕ್ಕೆ 7 ಗಂಟೆಯಂತೆ 200 ದಿನ ಓಡಿಸಿದರೆ ಈ ಎರಡರ ನಡುವಿನ ಅಂತರ 2,800 ಯೂನಿಟ್ಟು.

ನೀರಿನ ಲೆಕ್ಕದಲ್ಲಿಯೂ ನೋಡಿ. ಸೆಕೆಂಡಿಗೆ 3 ಲೀಟರು ಬಂದರೆ 7 ಗಂಟೆಗೆ 75,600 ಲೀಟರು. ಒಂದು ಎಕರೆಗೆ ಹರಡಿದರೆ ಇದು ಮುಕ್ಕಾಲು ಅಂಗುಲವೂ ಆಗುವುದಿಲ್ಲ. ದಕ್ಷತೆ 44 ಇರುವ ಪಂಪು 5.35 ಕಿಲೋವ್ಯಾಟಿನಲ್ಲಿಯೇ ಸೆಕೆಂಡಿಗೆ 4 ಲೀಟರು ಎತ್ತಿ, ಅದೇ 7 ಗಂಟೆಗೆ 1,00,800 ಲೀಟರು, ಅಂದರೆ ಎಕರೆಗೆ ಹೆಚ್ಚುಕಡಿಮೆ ಒಂದು ಅಂಗುಲ ನೀರು ಕೊಡುತ್ತದೆ. ಬೋರಿನಲ್ಲಿ ಅಷ್ಟು ನೀರು ಇರಬೇಕು, ಅಷ್ಟೆ.

ಉಳಿದ ನೀರನ್ನು ಉಳಿಸಿಕೊಳ್ಳಿ

ಆ "ಅಷ್ಟೆ" ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಒಳ್ಳೆಯ ಪಂಪು ಬಂದಿತೆಂದು ಮೊದಲಿಗಿಂತ ಹೆಚ್ಚು ನೀರೆಳೆದರೆ ವಿದ್ಯುತ್ತೂ ಉಳಿಯದು, ಬೋರೂ ಉಳಿಯದು. ನೀರಿನ ಮಟ್ಟ ಕೆಳಗಿಳಿದಂತೆಲ್ಲ ಎತ್ತರ ಹೆಚ್ಚುತ್ತದೆ. ನಿನ್ನೆ ಸರಿಯಿದ್ದ ಪಂಪು ನಾಳೆ ಸಾಲದಾಗುತ್ತದೆ. ಆದ್ದರಿಂದ ಬೆಳೆಗೆ ಬೇಕಾದಷ್ಟು ನೀರನ್ನು ಕಡಿಮೆ ಹೊತ್ತಿನಲ್ಲಿ ಎತ್ತಿ ಪಂಪನ್ನು ನಿಲ್ಲಿಸಿ. ಕಬ್ಬಿಗೂ ತೆಂಗಿಗೂ ಹನಿ ನೀರಾವರಿ ಮಾಡಿಕೊಂಡರೆ ಒಳ್ಳೆಯ ಪಂಪಿನ ಪೂರ್ಣ ಲಾಭ ದೊರೆಯುತ್ತದೆ. ಹನಿ ಪೈಪಿನ ಒತ್ತಡಕ್ಕೆ ಬೇಕಾದ ಎತ್ತರವನ್ನೂ ಪಂಪು ಆರಿಸುವಾಗಲೇ ಲೆಕ್ಕಕ್ಕೆ ಸೇರಿಸಿ.

ಮೊಬೈಲ್ ಸ್ಟಾರ್ಟರು, ಟಿ.ವಿ. ಮತ್ತು ಚಾರ್ಜರು

ಮನೆಯಲ್ಲಿಯೇ ಕುಳಿತು ಮೊಬೈಲಿನಿಂದ ಪಂಪು ಶುರು ಮಾಡುವ ಸ್ಟಾರ್ಟರುಗಳು ಈಗ ಹಳ್ಳಿ ಹಳ್ಳಿಗೂ ಬಂದಿವೆ. ರಾತ್ರಿ ಹೊತ್ತು ಹಾವು, ಚಿರತೆಗಳ ಭಯದಲ್ಲಿ ಗದ್ದೆಗೆ ಹೋಗುವುದು ತಪ್ಪಿದೆ, ಸಂತೋಷ. ಆದರೆ ಹತ್ತಿರ ಯಾರೂ ಇಲ್ಲದೆ ಪಂಪು ಓಡುವುದರಿಂದ ಬೋರು ಬತ್ತಿದಾಗ, ಒಂದು ಫೇಸು ಹೋದಾಗ ತಾನಾಗಿ ನಿಲ್ಲುವ ಏರ್ಪಾಡು ಅದರಲ್ಲಿರಲೇಬೇಕು. ವಿದ್ಯುತ್ತು ಬಂದ ಕೂಡಲೇ ಒಂದು ಟಿ.ಸಿ.ಯ ಎಲ್ಲ ಮೋಟಾರುಗಳೂ ಒಟ್ಟಿಗೆ ಎದ್ದರೆ ಟಿ.ಸಿ.ಗೆ ಉಳಿಗಾಲವಿಲ್ಲ, ಏಕೆಂದರೆ ಮೋಟಾರು ಏಳುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು ಆಂಪಿಯರು ಎಳೆಯುತ್ತದೆ. ಒಂದೇ ಟಿ.ಸಿ.ಯ ರೈತರು ಕೂಡಿ ಮಾತನಾಡಿ, ಒಬ್ಬರ ಸ್ಟಾರ್ಟರು ಒಂದು ನಿಮಿಷಕ್ಕೆ, ಇನ್ನೊಬ್ಬರದು ಎರಡು ನಿಮಿಷಕ್ಕೆ ಏಳುವಂತೆ ಹೊತ್ತು ಹೊಂದಿಸಿಕೊಳ್ಳಿ. ಇದಕ್ಕೆ ಕಾಸು ಖರ್ಚಿಲ್ಲ.

ಮನೆಯೊಳಗೂ ಇದೇ ವಿವೇಕ ಬೇಕು. ರಿಮೋಟಿನಲ್ಲಿ ಆರಿಸಿದ ಟಿ.ವಿ. ಮತ್ತು ಸೆಟ್ ಟಾಪ್ ಬಾಕ್ಸು ಪೂರ್ತಿ ಆರಿರುವುದಿಲ್ಲ. ಬರೀ 5 ವ್ಯಾಟು ಎಳೆಯುವ ಪೆಟ್ಟಿಗೆಯೊಂದು ವರ್ಷವಿಡೀ ಹಾಗೆಯೇ ಇದ್ದರೆ ಸುಮಾರು 44 ಯೂನಿಟ್ಟು ತಿನ್ನುತ್ತದೆ. 2023ರ ಆಗಸ್ಟಿನಿಂದ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಗೂ ಒಂದು ಮಿತಿ ಇದೆಯೆಂಬುದು ನಿಮಗೆ ತಿಳಿದದ್ದೇ. ಸುಮ್ಮನೆ ಹೋದ ಯೂನಿಟ್ಟುಗಳೂ ಆ ಮಿತಿಯೊಳಗೇ ಲೆಕ್ಕವಾಗುತ್ತವೆ. ಗೋಡೆಯ ಸ್ವಿಚ್ಚನ್ನು ಆರಿಸುವ ರೂಢಿ ಮಾಡಿಕೊಳ್ಳಿ. ಮಕ್ಕಳಿಗೆ ಲ್ಯಾಪ್‌ಟಾಪು, ಮನೆಗೆ ಟಿ.ವಿ. ಕೊಳ್ಳುವಾಗಲೂ ನಕ್ಷತ್ರದ ಚೀಟಿ ಇದೆಯೇ ಎಂದು ನೋಡಿ.

ಪಂಪು ಕೊಳ್ಳುವಾಗ ನೆನಪಿಡಬೇಕಾದ ಅಂಶಗಳು

1. ಅಂಗಡಿಗೆ ಹೋಗುವ ಮೊದಲು ನಿಮ್ಮ ಬೋರಿನ ನೀರಿನ ಮಟ್ಟ, ಇಳುವರಿ, ನೀರು ಬೀಳುವ ಎತ್ತರ ಇವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಶ್ವಶಕ್ತಿಯನ್ನು ಈ ಅಳತೆಗಳು ಹೇಳಲಿ, ಅಂಗಡಿಯವರಲ್ಲ.

2. ಐ.ಎಸ್.ಐ. ಗುರುತು ಮತ್ತು ನಕ್ಷತ್ರದ ಚೀಟಿ ಎರಡನ್ನೂ ನೋಡಿ. ಪಂಪಿನ ತಗಡಿನ ಮೇಲೆ ಬರೆದ ಎತ್ತರ ಮತ್ತು ನೀರಿನ ಪ್ರಮಾಣ ನಿಮ್ಮ ಚೀಟಿಗೆ ಹೊಂದಬೇಕು. ಇಂಧನ ದಕ್ಷತಾ ಬ್ಯೂರೋದ ಮೊಬೈಲ್ ಆ್ಯಪಿನಲ್ಲಿ ಆ ಮಾದರಿಯನ್ನು ಹುಡುಕಿ ನೋಡಬಹುದು.

3. ಮಾದರಿಯ ಹೆಸರಿರುವ ಪಕ್ಕಾ ಬಿಲ್ಲು ಮತ್ತು ಗ್ಯಾರಂಟಿ ಚೀಟಿ ಪಡೆದು ಜೋಪಾನವಾಗಿಡಿ.

4. ಪೈಪಿನ ಗಾತ್ರದಲ್ಲಿ ಜಿಪುಣತನ ಬೇಡ. ಅದೇ ನೀರನ್ನು ಅರ್ಧ ವ್ಯಾಸದ ಪೈಪಿನಲ್ಲಿ ತಳ್ಳಿದರೆ ತಿಕ್ಕಾಟ ಸುಮಾರು 32 ಪಟ್ಟು ಹೆಚ್ಚುತ್ತದೆ. ಅನಗತ್ಯ ಬೆಂಡುಗಳನ್ನು ತೆಗೆಸಿ. ಮಾನೋಬ್ಲಾಕ್ ಪಂಪಿನ ಫುಟ್‌ವಾಲ್ವು ಅಗಲ ಬಾಯಿಯದಾಗಿರಲಿ.

5. ಕೆಪಾಸಿಟರ್ ಅಳವಡಿಸಿ. ಸಾಮಾನ್ಯವಾಗಿ 5 ಅಶ್ವಶಕ್ತಿಯ ಮೋಟಾರಿಗೆ 2 ಕೆ.ವಿ.ಎ.ಆರ್.ನ ಕೆಪಾಸಿಟರ್ ಬಳಸುತ್ತಾರೆ. ಇದರಿಂದ ಲೈನಿನ ಹೊರೆ ತಗ್ಗುತ್ತದೆ. ಕೆಟ್ಟರೆ ಕಿತ್ತು ಬಿಸಾಡದೆ ಬದಲಾಯಿಸಿ.

6. ಹೊಸ ಪಂಪು ಇಳಿಸಿದ ದಿನವೇ ಡ್ರಮ್ಮು ಮತ್ತು ಮೀಟರಿನ ಪರೀಕ್ಷೆ ಮಾಡಿ ಅಂಕಿಗಳನ್ನು ಬರೆದಿಡಿ. ವರ್ಷಕ್ಕೊಮ್ಮೆ ಮತ್ತೆ ಮಾಡಿ. ನೀರು ಕಡಿಮೆಯಾಗಿ ವಿದ್ಯುತ್ತು ಹೆಚ್ಚಾಗಿದ್ದರೆ ಪಂಪು ಸವೆಯುತ್ತಿದೆ, ಇಲ್ಲವೇ ಬಾವಿ ಇಳಿಯುತ್ತಿದೆ ಎಂದು ಅರ್ಥ.

ಮೀಟರು ಹಾಕಲು ಬಂದವರನ್ನು ಅನುಮಾನದಿಂದ ನೋಡುವ ರೈತರಿದ್ದಾರೆ. ನಾಳೆ ಬಿಲ್ಲು ಬಂದೀತೆಂಬ ಅವರ ಅಳುಕು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಮೀಟರು ಇಲ್ಲದ ಕಡೆ ಎಲ್ಲೋ ಸೋರಿಹೋದ ವಿದ್ಯುತ್ತೂ ರೈತನ ಹೆಸರಿಗೇ ಬರೆಯಲ್ಪಡಬಹುದು ಎಂಬುದನ್ನೂ ಯೋಚಿಸಬೇಕು. ತಾನು ಇಷ್ಟೇ ಬಳಸಿದೆ ಎಂದು ಹೇಳಲು ರೈತನ ಕೈಯಲ್ಲಿಯೂ ಅಂಕಿಗಳಿರಬೇಕು. ಮದ್ದೂರು, ಮಳವಳ್ಳಿಯ 1,337 ಪಂಪುಗಳ ಪ್ರಯೋಗ ನಡೆದದ್ದೂ ಅಳತೆಯ ಬಲದ ಮೇಲೆಯೇ. ಇದಕ್ಕಾಗಿ ಸರಕಾರದ ಮುಂದಿನ ಯೋಜನೆಗೆ ಕಾಯಬೇಕಾಗಿಲ್ಲ. ಒಂದು ಡ್ರಮ್ಮು, ಒಂದು ಗಡಿಯಾರ, ಒಂದು ನೋಟ್‌ಬುಕ್ಕು ಸಾಕು. ಈ ವಾರವೇ ನಿಮ್ಮ ಪಂಪನ್ನು ಅಳೆದು ನೋಡಿ.